ಶನಿಗ್ರಹದಿಂದ ಕಳುವಾದ ನಾಲ್ಕು ಡಬ್ಬಿ

ಲಾರಿ ಅರವತ್ತರ ಸ್ಪೀಡಿನಲ್ಲಿ ಓಡುತ್ತಿತ್ತು. ನಾನು ಅದರ ಹಿಂದಿನ ಹಲಗೆ ಹಿಡಿದು ನೇತಾಡುತ್ತಿದ್ದೆ.

ಕಾಲ ಕೆಳಗೆ ಚಿತ್ತಾಪುರದ ರಸ್ತೆ. ತಲೆಯ ಮೇಲೆ ಕಬ್ಬಿಣದ ಹಾರೆ.

ಹಾರೆ ಹಿಡಿದವನು ಆರಡಿ ಎತ್ತರದ ಸಿನಿಮಾ ಫೈಟರ್. ಪರದೆಯ ಮೇಲೆ ಇಂಥವರು ಹೀರೋನ ಒಂದು ಗುದ್ದಿಗೆ ಮೂರು ಪಲ್ಟಿ ಹೊಡೆಯುತ್ತಾರೆ. ಇಲ್ಲಿ ಹೀರೋ ಇರಲಿಲ್ಲ. ಇದ್ದವಳು ನಾನು. ನಲವತ್ತಾರು ವರ್ಷ, ಕಚ್ಚೆ ಸೀರೆ, ಕಾಲಲ್ಲಿ ಒಂದೇ ಚಪ್ಪಲಿ. ಇನ್ನೊಂದು ವಾಡಿಯ ರೈಲ್ವೆ ಗೇಟಿನ ಹತ್ತಿರ ಬಿದ್ದುಹೋಗಿತ್ತು.

"ಕೈ ಬಿಡಮ್ಮ," ಅಂದ. "ಬೆರಳು ಹೋಗ್ತವೆ."

"ಹೋದ್ರ ನನ್ನವು ಹೋಗ್ತಾವ. ನಿನಗೇನು?"

ಹಾರೆ ಮೇಲೆ ಹೋಯಿತು... ಕೆಳಗೆ ಬಂತು!

ತಡೆಯಿರಿ. ಇದನ್ನು ಬೆಳಿಗ್ಗೆಯಿಂದ ಹೇಳಬೇಕು. ಹೆದರಬೇಡಿ, ಬೆರಳು ಹತ್ತೂ ಇವೆ. ಬೇಕಾದರೆ ಎಣಿಸಿಕೊಳ್ಳಿ.

ನನ್ನ ಹೆಸರು ಸುಂದರಬಾಯಿ. ಹೆಸರಿಗೆ ತಕ್ಕ ಹಾಗೆ ಇದ್ದೀಯಾ ಅಂತ ಕೇಳಿದವನೊಬ್ಬ ಇವತ್ತಿಗೂ ಬಲಗಾಲು ಎಳೆದುಕೊಂಡು ನಡೆಯುತ್ತಾನೆ. ಶಹಾಬಾದದಲ್ಲಿ ಲಾರಿಗೆ ಫರಶಿ, ಅಂದರೆ ನೆಲಕ್ಕೆ ಹಾಸುವ ಚಪ್ಪಟೆ ಕಲ್ಲು ತುಂಬುವ ಹಮಾಲರಿಗೆ ನಾನು ಮುಕಾದಮ. ನನ್ನ ಕೈಕೆಳಗೆ ಇಪ್ಪತ್ತೆರಡು ಗಂಡಸರು. ಅದು ಹೊಟ್ಟೆಪಾಡು. ಅದರ ಜೊತೆಗೆ ಊರಿನ ಗಂಟು ಬಿಡಿಸುವ ಕೆಲಸವೂ ನನ್ನದೇ. ವ್ಯಾಗನ್ ಕಳೆಯಿತಾ? ಸುಂದರಬಾಯಿ. ಯೂನಿಯನ್ ಲೀಡರ್ ಮುನಿಸಿಕೊಂಡನಾ? ಸುಂದರಬಾಯಿ. ಕೋರ್ಟಿಗೆ ಹೋದರೆ ಹತ್ತು ವರ್ಷ, ನನ್ನ ಹತ್ತಿರ ಬಂದರೆ ಹತ್ತು ನಿಮಿಷ.

ಎಂಬತ್ತನಾಲ್ಕರ ಜನವರಿಯಲ್ಲಿ ಸಿನಿಮಾದವರು ಬಂದರು.

ಪಿಕ್ಚರಿನ ಹೆಸರು 'ಶನಿಗ್ರಹದ ಸವಾಲು', ಭಾಗ ಎರಡು. ಮೊದಲನೇ ಭಾಗ ಇಪ್ಪತ್ತೈದು ವಾರ ಓಡಿತ್ತಂತೆ. ಅದರಲ್ಲಿ ಶನಿಗ್ರಹ ಅಂದರೆ ಸ್ಟುಡಿಯೋ ಒಳಗೆ ಥರ್ಮಾಕೋಲ್ ಗುಡ್ಡ. ಈ ಸಲ ಬಜೆಟ್ ದೊಡ್ಡದು, ಹಾಗಾಗಿ ನಿಜವಾದ ಗ್ರಹವೇ ಬೇಕು ಅಂತ ಡೈರೆಕ್ಟರ್ ರಾಜ್ಯವೆಲ್ಲ ಸುತ್ತಿದ್ದರು. ಕೊನೆಗೆ ನಮ್ಮ ಹಾಳುಬಿದ್ದ ಖಣಿಯ ಅಂಚಿಗೆ ಬಂದು ನಿಂತು ಕುಣಿದುಬಿಟ್ಟರು! ನಲವತ್ತು ಅಡಿ ಆಳ. ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಬೂದುಗಲ್ಲು. ಒಂದು ಗಿಡ ಇಲ್ಲ, ಒಂದು ಹಕ್ಕಿ ಇಲ್ಲ. ನಾವು ಮೂವತ್ತು ವರ್ಷ ಬೆವರು ಸುರಿಸಿ ಶನಿಗ್ರಹ ತಯಾರು ಮಾಡುತ್ತಿದ್ದೆವು ಅಂತ ನಮಗೇ ಗೊತ್ತಿರಲಿಲ್ಲ.

ಹಮಾಲರು ಮೊದಲು ಒಪ್ಪಲಿಲ್ಲ. ಇರುವ ಶನಿ ಸಾಲದೆಂದು ಇನ್ನೊಂದನ್ನು ಹೆಗಲಿಗೇರಿಸಿಕೊಳ್ಳಬೇಕಾ ಅಂದರು. ಶನಿವಾರ ರಾಕೆಟ್ಟಿನ ಮುಂದೆ ಎಳ್ಳೆಣ್ಣೆ ದೀಪ ಹಚ್ಚಿಸಿದೆ. ಪಕ್ಕದಲ್ಲೇ ಫಾತೆಹಾ ಓದಿಸಿದೆ. ಆಮೇಲೆ ಯಾರೂ ತಕರಾರು ಮಾಡಲಿಲ್ಲ.

ಆ ರಾಕೆಟ್ ನೋಡಬೇಕಿತ್ತು ನೀವು. ಮೂವತ್ತೈದು ಅಡಿ ಉದ್ದ. ಒಳಗೆ ಪ್ಲೈವುಡ್, ಹೊರಗೆ ತಗಡು, ಮೇಲೆ ಬೆಳ್ಳಿ ಬಣ್ಣ. ಅದನ್ನು ಚೈನ್ ಪುಲ್ಲಿ ಹಾಕಿ ಖಣಿಯ ತಳಕ್ಕೆ ಇಳಿಸಿದವನು ಖಾಜಾಮಿಯಾ.

ಖಾಜಾಮಿಯಾ ಯಾರು ಅಂತ ಹೇಳಬೇಕು. ಯಾಕೆಂದರೆ ಈ ಕತೆಯೆಲ್ಲ ಅವನಿಗಾಗಿ.

ಅವನು ಆ ಖಣಿಯ ಹಳೇ ಮಿಸ್ತ್ರಿ. ಐವತ್ತೆಂಟು ವರ್ಷ. ನನ್ನ ಗಂಡ ಸತ್ತ ವರ್ಷ ನಾನು ಕೆಲಸ ಕೇಳಿಕೊಂಡು ಹನ್ನೆರಡು ಯಾರ್ಡ್ ಅಲೆದೆ. ಹೆಂಗಸಿಗೆ ಫರಶಿ ತುಂಬೋದು ಬರುತ್ತದಾ ಅಂತ ನಕ್ಕರು. ಅವನೊಬ್ಬ ನಗಲಿಲ್ಲ. ಕಲ್ಲು ಹೇಗೆ ಹಿಡಿಯಬೇಕು, ಹೇಗೆ ಇಳಿಸಬೇಕು, ಬೆನ್ನು ಎಲ್ಲಿ ಬಗ್ಗಬೇಕು, ಎಲ್ಲ ಕಲಿಸಿದ. ನನ್ನ ಒಡಹುಟ್ಟಿದವರು ಮಾಡದ ಕೆಲಸ ಅದು. ಅವನನ್ನು ನಾನು ಮಾಮಾ ಅನ್ನುತ್ತೇನೆ. ಅವನ ಮೈ ಮುಟ್ಟಿದರೆ ನನ್ನ ಮೈ ಮುಟ್ಟಿದ ಹಾಗೆ.

ಗುರುವಾರ ಸಂಜೆ ಕ್ಲೈಮ್ಯಾಕ್ಸ್ ತೆಗೆದರು. ಶನಿಗ್ರಹದಲ್ಲಿ ರಾಕೆಟ್ ಸಿಡಿಯಬೇಕು. ಇರುವುದು ಒಂದೇ ರಾಕೆಟ್. ಎರಡು ಕ್ಯಾಮೆರಾ ಇಟ್ಟರು, ಒಂದು ರಾಕೆಟ್ಟಿಗೆ, ಇನ್ನೊಂದು ಹೀರೋಗೆ. ಹೀರೋ ಬೆಳ್ಳಿ ಸೂಟು ಹಾಕಿ, ಗಾಜಿನ ಹೆಲ್ಮೆಟ್ಟಿನೊಳಗೆ ಕಣ್ಣು ಮುಚ್ಚಿ ಬಿದ್ದುಕೊಂಡರು. ಢಮ್! ಮೂವತ್ತೈದು ಅಡಿ ರಾಕೆಟ್ ಮೂವತ್ತೈದು ಸಾವಿರ ಚೂರಾಯಿತು. ಒಂದೇ ಟೇಕಿಗೆ ಓಕೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಹೀರೋ ಹೆಸರು ಹೇಳುವುದಿಲ್ಲ. ಅವರಿಗೆ ಇನ್ನೂ ಅಭಿಮಾನಿ ಸಂಘ ಇದೆ, ನನ್ನ ಕಿಟಕಿಗೆ ಇನ್ನೂ ಗಾಜಿದೆ.

ಜಗಳ ಹತ್ತಿದ್ದು ಶಾಟ್ ಮುಗಿದ ಮೇಲೆ. ಡೈರೆಕ್ಟರ್ ಕತೆಯ ಕೊನೇ ಪುಟ ಯಾರಿಗೂ ತೋರಿಸುವ ಮನುಷ್ಯ ಅಲ್ಲ. ಕಣ್ಣು ಮುಚ್ಚಿ ಬಿದ್ದ ಮೇಲೆ ಮುಂದಿನ ಸೀನಿನಲ್ಲಿ ಏಳುತ್ತೇನೆ ಅಂತ ಹೀರೋ ತಿಳಿದುಕೊಂಡಿದ್ದರು. ಮುಂದಿನ ಸೀನೇ ಇಲ್ಲ, ಭಾಗ ಎರಡರಲ್ಲಿ ನೀವು ಸತ್ತಿರಿ, ಗ್ರಹ ಉಳಿಸುವವಳು ಹೀರೋಯಿನ್ ಅಂತ ಆಗ ಗೊತ್ತಾಯಿತು. ಗೆಸ್ಟ್ ಹೌಸಿನ ಗೋಡೆ ನಡುಗುವ ಹಾಗೆ ಕಿರುಚಾಡಿದರು. ಬೆಳಿಗ್ಗೆಯ ಜೀಪಿನ ವಿಷಯ ಮಾತಾಡಲು ಹೋಗಿದ್ದ ನಾನು ಹೊರಗೆ ನಿಂತು ಎಲ್ಲ ಕೇಳಿಸಿಕೊಂಡೆ.

"ನಾನು ಸತ್ರೆ ಮೂರನೇ ಭಾಗ ಯಾರ ಮುಖ ನೋಡ್ಕೊಂಡು ತೆಗೀತೀರಿ?" ಅಂದರು ಹೀರೋ.

ಡೈರೆಕ್ಟರ್ ಹೊರಗೆ ಕೂಗಿ ಹೀರೋಯಿನ್‌ಗೆ ಕಾಫಿ ತರಿಸಿದರು. ಅದೇ ಉತ್ತರ ಇರಬೇಕು.

ಕ್ಲೈಮ್ಯಾಕ್ಸಿನ ನೆಗೆಟಿವ್ ನಾಲ್ಕು ಡಬ್ಬಿ. ಊಟದ ತಟ್ಟೆಯಷ್ಟು ಅಗಲ, ಸುತ್ತಲೂ ಟೇಪು. ಇನ್ನೂ ತೊಳೆಯದ ಫಿಲ್ಮು. ಶುಕ್ರವಾರ ವಾಡಿಯಿಂದ ಮದ್ರಾಸ್ ಲ್ಯಾಬಿಗೆ ಹೋಗಬೇಕು. ಕರಿ ಟ್ರಂಕಿನಲ್ಲಿ ಇಟ್ಟು ಬೀಗ ಹಾಕಿದರು. ನಂಬಿಕಸ್ಥ ಕಾವಲುಗಾರ ಬೇಕು ಅಂದರು. ನಾನೇ ಖಾಜಾಮಿಯಾನ ಹೆಸರು ಹೇಳಿದೆ. ಅವನಿಗಾಗಿ ಮಾತು ಕೊಟ್ಟವಳು ನಾನು.

ಬೆಳಿಗ್ಗೆ ಟ್ರಂಕ್ ತೆಗೆದರೆ ಒಳಗೆ ಕಲ್ಲು!

ಡೈರೆಕ್ಟರ್ ಗೋಡೆಗೆ ಒರಗಿ ಹಾಗೇ ಕುಸಿದರು. ಇನ್ನೊಂದು ರಾಕೆಟ್ ಕಟ್ಟಲು ಆರು ತಿಂಗಳು ಬೇಕು, ಅಷ್ಟರಲ್ಲಿ ಪಿಕ್ಚರೂ ಇಲ್ಲ ನಾನೂ ಇಲ್ಲ ಅಂದರು. ಹೀರೋನ ಮ್ಯಾನೇಜರ್ ಮಾತ್ರ ಗಟ್ಟಿಯಾಗಿ ನಿಂತಿದ್ದ. ಸಫಾರಿ ಡ್ರೆಸ್ಸು, ಕೂಲಿಂಗ್ ಗ್ಲಾಸು, ಬಿಳಿ ಶೂ. ಕಲ್ಲು ಯಾರ ಹತ್ತಿರ ಇರುತ್ತದೆ, ಕಾವಲಿಗೆ ಯಾರಿದ್ದರು ಅಂತ ಎರಡೇ ಪ್ರಶ್ನೆ ಕೇಳಿದ. ಠಾಣೆಯಿಂದ ಬಂದಿದ್ದ ಫೌಜದಾರರಿಗೆ ಅಷ್ಟು ಸಾಕಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಮನುಷ್ಯ ಅವರು. ಖಾಜಾಮಿಯಾನ ಕೈಗೆ ಬೇಡಿ ಬಿತ್ತು.

"ಅಲ್ಲಾ ಕಸಮ್, ನಾ ಮುಟ್ಟಿಲ್ಲ ಬಾಯಿ," ಅಂದ ಅವನು ನನಗೆ. "ಹೊತ್ತು ಮೂಡೂ ಮುಂದ ಈ ಮ್ಯಾನೇಜರ್ ಸಾಬ್ ಬಂದು, ಹೀರೋ ಸಾಬ್‌ರಿಗಿ ಬಿಸಿನೀರು ಕಾಸಿ ತಾ ಅಂದ್ರು. ಹೋಗಿ ಬಂದೀನಿ. ಅಷ್ಟೇ ನಂದು ತಪ್ಪು."

ಆಗ ನಾನು ನಿದ್ದೆಯಲ್ಲಿದ್ದೆ ಅಂದ ಮ್ಯಾನೇಜರ್. ದೊಡ್ಡವರ ಸುಳ್ಳಿಗೆ ಕುರ್ಚಿ, ಬಡವನ ಸತ್ಯಕ್ಕೆ ನೆಲ.

ನಾನು ಫೌಜದಾರರನ್ನು ಪಕ್ಕಕ್ಕೆ ಕರೆದೆ.

"ಸಾಹೇಬ್ರ, ನನಗ ಇವತ್ತೊಂದು ದಿನ ಟೈಮ್ ಕೊಡ್ರಿ."

"ಸಂಜಿ ಐದಕ್ಕ ಅವಂಗ ಗುಲ್ಬರ್ಗಾಕ್ಕ ಕಳಸ್ತೀನಿ ಬಾಯಿ. ಅಲ್ಲಿ ಜೈಲಿಗಿ ಹೋದ್ರ ನನ್ನ ಕೈಯಾಗ ಇಲ್ಲ. ಐದರ ಒಳಗ ಮಾಲ್ ತಂದ್ರ ತಾ."

ಆಗ ಒಂಬತ್ತು ಗಂಟೆ.

ಕಳ್ಳ ಯಾರು ಅಂತ ನನಗೆ ಗೊತ್ತಿತ್ತು. ಮಾಲು ಎಲ್ಲಿ ಅಂತ ಗೊತ್ತಿರಲಿಲ್ಲ. ಮ್ಯಾನೇಜರನ ರೂಮಿಗೆ ನೇರವಾಗಿ ಹೋದೆ. ಬಾಗಿಲಲ್ಲಿ ಒಬ್ಬ ಫೈಟರ್ ಅಡ್ಡ ನಿಂತ. ಅವನ ಕಾಲ್ಬೆರಳಿನ ಮೇಲೆ ನನ್ನ ಹಿಮ್ಮಡಿ ಊರಿ ಒಳಗೆ ಹೋದೆ.

ಮ್ಯಾನೇಜರ್ ಕಾಫಿ ಕುಡಿಯುತ್ತಿದ್ದ. ಭಾಳ ಮೆತ್ತಗೆ ಮಾತಾಡಿದ. ನಿಮ್ಮ ಇಪ್ಪತ್ತೆರಡು ಜನಕ್ಕೆ ಇಲ್ಲಿ ಇನ್ನೂ ಹದಿನೈದು ದಿನ ಕೆಲಸ ಇದೆ ಅಂದ. ನಿಮ್ಮ ಮುದುಕ ಆರು ತಿಂಗಳಲ್ಲಿ ಹೊರಗೆ ಬರುತ್ತಾನೆ ಅಂದ. ಆಮೇಲೆ ದನಿ ಬದಲಾಯಿತು.

"ಕಲ್ಲು ಹೊರೋಳು ಕಲ್ಲು ಹೊರ್ಬೇಕು ಬಾಯಿ. ಮೈಮೇಲೆ ಬೀಳಿಸ್ಕೋಬಾರ್ದು."

ನಾನು ಅವನ ಮುಖ ನೋಡಲಿಲ್ಲ. ಶೂ ನೋಡಿದೆ. ನನ್ನ ಕಣ್ಣು ಹೋದ ಕಡೆ ಅವನ ಕಣ್ಣೂ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವರು ಎಲ್ಲ ಊರಿನಲ್ಲೂ ಇರುತ್ತಾರೆ.

ಬಿಳಿ ಶೂಗೆ ಬೂದು ಕೆಸರು ಮೆತ್ತಿತ್ತು. ಶಹಾಬಾದದಲ್ಲಿ ಜನವರಿಯಲ್ಲಿ ಕೆಸರು ಒಂದೇ ಕಡೆ ಇರುತ್ತದೆ, ಕಲ್ಲಿಗೆ ನೀರು ಬಿಟ್ಟು ಪಾಲಿಶ್ ಮಾಡುವ ಯಾರ್ಡಿನಲ್ಲಿ. ನಿದ್ದೆಯಲ್ಲಿದ್ದ ಸಿನಿಮಾ ಮ್ಯಾನೇಜರ್‌ಗೆ ಬೆಳಬೆಳಿಗ್ಗೆ ಪಾಲಿಶ್ ಯಾರ್ಡಿನಲ್ಲಿ ಏನು ಕೆಲಸ?

ಸ್ಟೇಷನ್ನಿನಲ್ಲಿ ಪೊಲೀಸರು ಪಾರ್ಸೆಲ್ ಬಿಚ್ಚಿ ನೋಡುತ್ತಿದ್ದರು. ರೈಲಿನಲ್ಲಿ ಹೋಗುವಂತಿಲ್ಲ. ಕಾರಿನಲ್ಲಿಟ್ಟರೆ ಎಲ್ಲರ ಕಣ್ಣು ಬೀಳುತ್ತದೆ. ಆದರೆ ಫರಶಿ ಲಾರಿ? ದಿನಕ್ಕೆ ಐವತ್ತು ಹೋಗುತ್ತವೆ. ನೊಣ ಕೂಡ ತಿರುಗಿ ನೋಡುವುದಿಲ್ಲ. ಹೆಚ್ಚಿನವು ಹೈದರಾಬಾದಿಗೆ, ಅವು ವಾಡಿ, ಚಿತ್ತಾಪುರ, ಸೇಡಂ ದಾಟಿಯೇ ಹೋಗಬೇಕು. ವಾಡಿಯಲ್ಲಿ ರೈಲ್ವೆ ಗೇಟ್ ಇದೆ. ಗೇಟ್ ಬಿದ್ದರೆ ಮಂತ್ರಿಯೂ ನಿಲ್ಲಬೇಕು.

ಯೂನಿಟ್ಟಿನ ಜೀಪ್ ಡ್ರೈವರ್ ಭೀಮಶ್ಯಾ ಬಾಗಿಲ ಬಳಿ ಬೀಡಿ ಸೇದುತ್ತಿದ್ದ. ಕೊಡ್ಲಿ ಊರಿನವನು. ಮಾತು ಕಡಿಮೆ, ಆಕ್ಸಿಲರೇಟರ್ ಜಾಸ್ತಿ.

"ವಾಡಿ ಗೇಟಿಗಿ ನಡಿ."

"ಡೈರೆಕ್ಟರ್ ಸಾಹೇಬ್ರಿಗಿ ಕೇಳ್ಬೇಕಲ್ಲಕ್ಕ?"

"ಅವರು ಗೋಡಿಗಿ ಒರಗ್ಯಾರ. ಎದ್ದ ಮ್ಯಾಲ ಕೇಳ್ತೀಯಂತ."

ಗೇಟಿಗೆ ಹೋದಾಗ ಹನ್ನೊಂದೂವರೆ. ಗೂಡ್ಸ್ ಗಾಡಿಗಾಗಿ ಗೇಟ್ ಹಾಕಿತ್ತು. ನಮ್ಮ ಮುಂದೆ ಒಂಬತ್ತು ಲಾರಿ. ಒಂಬತ್ತರಲ್ಲೂ ಫರಶಿ!

ಡಬ್ಬಿ ಯಾವುದರಲ್ಲಿ? ಎಲ್ಲ ಇಳಿಸಿ ನೋಡಲು ನನ್ನ ಇಪ್ಪತ್ತೆರಡು ಆಳು ಬಂದರೂ ಎರಡು ದಿನ ಬೇಕು. ಗೂಡ್ಸ್ ದಾಟಲು ಹತ್ತು ನಿಮಿಷ. ಲಾರಿಗಳ ಪಕ್ಕ ನಡೆಯುತ್ತಾ ಹೋದೆ. ಮೊದಲನೆಯದು ನಮ್ಮದೇ ಯಾರ್ಡಿನ ಲೋಡು. ಎರಡನೆಯ ಡ್ರೈವರ್ ಸಲಾಮ್ ಹೊಡೆದ. ಮೂರು, ನಾಲ್ಕು, ಐದು...

ಆರನೆಯದರ ಮುಂದೆ ನನ್ನ ಕಾಲು ತಾನಾಗಿಯೇ ನಿಂತಿತು.

ಕಲ್ಲು ಮಲಗಿದ್ದವು.

ನಿಮಗೆ ಇದರಲ್ಲಿ ಏನೂ ಅನ್ನಿಸಲಿಕ್ಕಿಲ್ಲ. ಆ ಮ್ಯಾನೇಜರ್‌ಗೂ ಅನ್ನಿಸಲಿಲ್ಲ. ಚಪ್ಪಟೆ ಕಲ್ಲನ್ನು ಒಂದರ ಮೇಲೊಂದು ಮಲಗಿಸಿದರೆ ಭದ್ರ ಅಂತ ಹೊರಗಿನವರು ತಿಳಿಯುತ್ತಾರೆ. ನಮ್ಮಲ್ಲಿ ಮೂರು ದಿನದ ಹಮಾಲನೂ ಆ ತಪ್ಪು ಮಾಡುವುದಿಲ್ಲ. ಫರಶಿಯನ್ನು ನಿಲ್ಲಿಸಿಯೇ ಸಾಗಿಸಬೇಕು. ಅಂಚಿನ ಮೇಲೆ ನಿಲ್ಲಿಸಿ, ಒಂದಕ್ಕೊಂದು ಒರಗಿಸಿ, ಸಂದಿಗೆ ಹುಲ್ಲು ತುರುಕಬೇಕು. ಮಲಗಿಸಿದರೆ ಮೊದಲ ಗುಂಡಿಗೇ ಬಿರುಕು. ಕೆಲಸಕ್ಕೆ ಹೋದ ಮೊದಲ ದಿನ ಖಾಜಾಮಿಯಾ ಹೇಳಿಕೊಟ್ಟ ಪಾಠ ಅದು. ನಿಂತ ಕಲ್ಲು ಊರು ಮುಟ್ಟತದ, ಮಲಗಿದ ಕಲ್ಲು ಚೂರಾಗತದ ಅಂತಿದ್ದ.

ದಾಟಿ ಬಂದ ಐದು ಲಾರಿಯಲ್ಲೂ ಕಲ್ಲು ನಿಂತಿತ್ತು. ಇದೊಂದರಲ್ಲಿ ಮಲಗಿತ್ತು. ಅಂದರೆ ಇದನ್ನು ತುಂಬಿದವರು ನಮ್ಮವರಲ್ಲ. ಮಲಗಿಸದಿದ್ದರೆ ಕೆಳಗೆ ಬಚ್ಚಿಟ್ಟದ್ದು ಮುಚ್ಚುವುದೂ ಇಲ್ಲ!

ಮೇಲೆ ಟವೆಲ್ ಹಾಸಿಕೊಂಡು ಕೂತಿದ್ದ ಇನ್ನೊಬ್ಬ ಫೈಟರ್ ನನ್ನ ಮುಖ ಗುರುತಿಸಿದ. ಕ್ಯಾಬಿನ್ ಮೇಲೆ ಎರಡು ಸಲ ಗುದ್ದಿದ. ಅದೇ ಹೊತ್ತಿಗೆ ಗೂಡ್ಸಿನ ಕೊನೇ ವ್ಯಾಗನ್ ದಾಟಿತು. ಗೇಟ್ ಎದ್ದಿತು. ಆರನೇ ಲಾರಿ ಹಾರ್ನ್ ಬಾರಿಸುತ್ತಾ ಸಾಲು ಬಿಟ್ಟು ಎಡಕ್ಕೆ ನುಗ್ಗಿತು.

ಜೀಪು ಹಿಂದೆ ಸಿಕ್ಕಿಕೊಂಡಿತ್ತು. ನಾನು ಓಡಿದೆ. ಚಪ್ಪಲಿ ಹೋಯಿತು. ಹಲಗೆ ಸಿಕ್ಕಿತು.

ಈಗ ಹಾರೆಯ ವಿಷಯಕ್ಕೆ ಬನ್ನಿ.

ಹಾರೆ ಕೆಳಗೆ ಬಂತು ಅಂದೆನಲ್ಲ. ಎಡಗೈ ಬಿಟ್ಟೆ. ಹಾರೆ ಹಲಗೆಗೆ ಬಡಿದು ಚಕ್ಕೆ ಎದ್ದಿತು. ಒಂದೇ ಕೈಯಲ್ಲಿ ನೇತಾಡಿದೆ. ಅವನು ಮತ್ತೆ ಎತ್ತಿದ. ಈ ಸಲ ಗುರಿ ನೋಡಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು, ಲೋಡಿನ ನಡುಮಧ್ಯ ಕಾಲೂರಿ ನಿಂತ.

ಮುಂದೆ ಹಳ್ಳದ ಇಳಿಜಾರು. ಆ ರಸ್ತೆಯಲ್ಲಿ ನನಗೆ ಗೊತ್ತಿಲ್ಲದ ಗುಂಡಿ ಇಲ್ಲ.

"ತಮ್ಮಾ," ಅಂದೆ. "ಅಲ್ಲಿ ನಿಂದ್ರಬ್ಯಾಡ."

ಅವನು ನಕ್ಕ. ಲಾರಿ ಗುಂಡಿಗೆ ಇಳಿಯಿತು.

ಚಟ್!

ಡಬ್ಬಿ ಇಡಲು ಕಲ್ಲಿನ ನಡುವೆ ಪೊಳ್ಳು ಬಿಟ್ಟಿದ್ದರು. ಪೊಳ್ಳಿನ ಮೇಲೆ ಎರಡೇ ಫರಶಿ ಮುಚ್ಚಿದ್ದರು. ಅದರ ಮೇಲೆ ತೊಂಬತ್ತು ಕೆಜಿಯ ಫೈಟರ್. ಎರಡೂ ಕಲ್ಲು ಒಟ್ಟಿಗೆ ಮುರಿದವು. ಅವನು ಸೊಂಟದವರೆಗೆ ಒಳಗೆ ಇಳಿದುಹೋದ. ಕೈಯಲ್ಲಿದ್ದ ಹಾರೆ ನನ್ನ ಕಡೆಗೇ ಉರುಳಿ ಬಂತು. ಎತ್ತಿಕೊಂಡು, ಮೇಲೆ ಹತ್ತಿ, ಕ್ಯಾಬಿನ್ ಮೇಲಿಂದ ಬಗ್ಗಿ ಮುಂದಿನ ಗಾಜಿಗೆ ಒಂದು ಕೊಟ್ಟೆ. ಲಾರಿ ಅಡ್ಡಾದಿಡ್ಡಿ ಹೋಗಿ ತೊಗರಿ ಹೊಲದ ಬದುವಿಗೆ ತಾಗಿ ನಿಂತಿತು. ಡ್ರೈವರ್ ಬಾಗಿಲು ತೆಗೆದು ಹೊಲಕ್ಕೆ ಬಿದ್ದು ಓಡಿದ. ಅವನು ಇನ್ನೂ ಓಡುತ್ತಿರಬಹುದು.

ಡಬ್ಬಿ ಫೈಟರ್‌ನ ಕಾಲ ಕೆಳಗಿದ್ದವು. ಅವನನ್ನು ಎತ್ತದೆ ಡಬ್ಬಿ ಸಿಗುವಂತಿಲ್ಲ. ಹಿಂದೆಯೇ ಬಂದ ಭೀಮಶ್ಯಾ, ನಾನು, ಇಬ್ಬರೇ. ಒಂದೊಂದೇ ಕಲ್ಲು ತೆಗೆಯಬೇಕು, ಜಾರಿದರೆ ಅವನ ತೊಡೆ ಹೋಗುತ್ತದೆ. ಮೂರು ತಾಸಿನ ಮೇಲೆ ಹಿಡಿಯಿತು. ನನ್ನ ಬೆರಳು ಜಜ್ಜಲು ಬಂದವನ ಕಾಲು ಉಳಿಸಲು ಬೆವರು ಸುರಿಸುತ್ತಿದ್ದೇನಲ್ಲ ಅಂತ ನನ್ನ ಮೇಲೆ ನನಗೇ ಸಿಟ್ಟು ಬಂತು. ಅರ್ಧದಲ್ಲಿ ಅವನು ಅಳತೊಡಗಿದ. ಕೇಳದೆಯೇ ಎಲ್ಲ ಹೇಳಿದ. ಹೀರೋ ಸಾಯುವ ಸೀನ್ ಪರದೆಗೆ ಬರಬಾರದು. ನೆಗೆಟಿವ್ ಇಲ್ಲದಿದ್ದರೆ ಡೈರೆಕ್ಟರ್ ಬೇರೆ ಕ್ಲೈಮ್ಯಾಕ್ಸ್ ಬರೆಯಲೇಬೇಕು, ಅದರಲ್ಲಿ ಹೀರೋ ಬದುಕುತ್ತಾರೆ. ರಾಕೆಟ್ ಸಿಡಿದದ್ದು ಆಮೇಲೆ ಬೇಕಾಗುತ್ತದೆ ಅಂತ ಸುಡದೆ ಹೈದರಾಬಾದಿನಲ್ಲಿ ಬಚ್ಚಿಡಲು ಹೊರಟಿದ್ದರು. ಹೀರೋ ಬಾಯಿಬಿಟ್ಟು ಹೇಳಿದರು, ಮ್ಯಾನೇಜರ್ ಕೈ ಹಚ್ಚಿ ಮಾಡಿದ.

ಗೋಣಿಚೀಲ ಸಿಕ್ಕಿತು. ಮೂರು ಡಬ್ಬಿ ಟೇಪಿನ ಸಮೇತ ಇದ್ದವು. ನಾಲ್ಕನೆಯದು ತೆರೆದಿತ್ತು. ಒಳಗಿನ ಫಿಲ್ಮ್ ಹೊರಗೆ ಸುರಿದಿತ್ತು.

"ಇದೇನು?" ಅಂದೆ.

"ಸಾಯೋ ಸೀನ್ ಯಾವ ಡಬ್ಬೀಲಿದೆ ನೋಡೋಣ ಅಂತ ಮ್ಯಾನೇಜರ್ ಸಾರ್ ಬಿಸಿಲಲ್ಲಿ ಬಿಚ್ಚಿದ್ರು. ಒಳಗೆ ಚಿತ್ರಾನೇ ಇರ್ಲಿಲ್ಲ. ಬರೀ ಕಂದು ಪಟ್ಟಿ."

ತೊಳೆಯದ ಫಿಲ್ಮಿಗೆ ಬೆಳಕು ಬಿದ್ದರೆ ಕತೆ ಮುಗಿಯಿತು ಅಂತ ಡೈರೆಕ್ಟರ್ ಹದಿನೈದು ದಿನ ನಮಗೆಲ್ಲ ಬೈದು ಕಲಿಸಿದ್ದರು. ಮ್ಯಾನೇಜರ್ ಆ ಹೊತ್ತಿಗೆ ಕಾಫಿ ಕುಡಿಯುತ್ತಿದ್ದ ಅಂತ ಕಾಣುತ್ತದೆ.

ಗಂಟೆ ಮೂರೂವರೆ ದಾಟಿತ್ತು. ಫೈಟರ್‌ನನ್ನು ಜೀಪಿಗೆ ಹಾಕಿಕೊಂಡು ತಿರುಗಿದೆವು. ವಾಡಿಗೆ ಬಂದರೆ ಮತ್ತೆ ಗೇಟ್ ಬಿದ್ದಿದೆ! ಸಿಗ್ನಲ್ ಇಲ್ಲದೆ ಸಿಮೆಂಟ್ ಗಾಡಿ ಗೇಟಿನ ನಡುವೆಯೇ ನಿಂತುಬಿಟ್ಟಿದೆ. ನಾಲ್ಕು ಇಪ್ಪತ್ತು... ನಾಲ್ಕೂವರೆ... ಗಾಡಿ ಅಲ್ಲಾಡಲಿಲ್ಲ.

ಫೈಟರ್‌ನನ್ನು ಭೀಮಶ್ಯಾನಿಗೆ ಒಪ್ಪಿಸಿ, ಚೀಲ ಹೆಗಲಿಗೆ ಹಾಕಿ, ಎರಡು ವ್ಯಾಗನ್ ನಡುವಿನ ಕೊಂಡಿ ಹತ್ತಿ ಆ ಕಡೆ ಹಾರಿದೆ. ಹಾರುವಾಗ ಗಾಡಿ ಜಗ್ಗಿತು. ಅರ್ಧ ಸೆಕೆಂಡ್ ತಡವಾಗಿದ್ದರೆ ಈ ಕತೆ ನಿಮಗೆ ಬೇರೆ ಯಾರಾದರೂ ಹೇಳಬೇಕಿತ್ತು. ಆ ಕಡೆ ಶಹಾಬಾದಕ್ಕೆ ಖಾಲಿ ಹೊರಟಿದ್ದ ಫರಶಿ ಲಾರಿ ಸಿಕ್ಕಿತು. ಡ್ರೈವರ್ ಎಲ್ಲಿಗೆ ಅಂತಲೂ ಕೇಳಲಿಲ್ಲ. ನನ್ನ ಮುಖ ನೋಡಿ ಗೇರ್ ಹಾಕಿದ.

ಠಾಣೆ ಮುಂದೆ ಪೊಲೀಸ್ ಜೀಪ್ ಸ್ಟಾರ್ಟ್ ಆಗಿತ್ತು. ಹಿಂದಿನ ಸೀಟಿನಲ್ಲಿ ಇಬ್ಬರು ಪೇದೆಗಳ ನಡುವೆ ಖಾಜಾಮಿಯಾ. ತಲೆ ತಗ್ಗಿಸಿದ್ದ. ಇಪ್ಪತ್ತು ವರ್ಷದಲ್ಲಿ ಅವನ ತಲೆ ತಗ್ಗಿದ್ದು ನಾನು ನೋಡಿರಲಿಲ್ಲ. ಜೀಪಿನ ಬಾನೆಟ್ಟಿಗೆ ಎದೆ ಕೊಟ್ಟು ನಿಂತೆ.

"ಐದು ಆಗೇದ ಬಾಯಿ," ಅಂದರು ಫೌಜದಾರರು.

"ನಿಮ್ಮ ಗಡಿಯಾರ ಮುಂದದ ಸಾಹೇಬ್ರ. ಮಾಲ್ ಬಂದದ."

ಚೀಲದಿಂದ ಡಬ್ಬಿ ತೆಗೆದರು. ಅಲ್ಲಾಡಿಸಿದರು. ಒಳಗೇನಿದೆ ನೋಡದೆ ಪಂಚನಾಮೆ ಹೇಗೆ ಬರೆಯಲಿ ಅಂತ ಟೇಪಿನ ಕೆಳಗೆ ಉಗುರು ಹಾಕಿದರು! ನಾನು ಅವರ ಕೈ ಹಿಡಿದುಬಿಟ್ಟೆ. ಪೇದೆಗಳು ಲಾಠಿ ಎತ್ತಿದರು. ಶಹಾಬಾದದ ಬಜಾರಿನಲ್ಲಿ, ಹಗಲು ಹೊತ್ತಿನಲ್ಲಿ, ಒಬ್ಬ ಹೆಂಗಸು ಫೌಜದಾರರ ಕೈ ಹಿಡಿದು ನಿಂತಿದ್ದಾಳೆ.

"ಬಿಡು ಬಾಯಿ."

"ಬಿಡಲ್ಲ. ಬೆಳಕ ಬಿದ್ರ ಒಳಗಿಂದು ಸಾಯ್ತದ. ಡೈರೆಕ್ಟರ್‌ಗಿ ಕರೀರಿ. ಅವರು ತಪ್ಪು ಅಂದ್ರ ನಂಗೂ ಇದೇ ಜೀಪಿನ್ಯಾಗ ಕುಂದ್ರಸ್ರಿ."

ಡೈರೆಕ್ಟರ್ ಬಂದರು. ಡಬ್ಬಿ ನೋಡಿದರು. ಮೂರನ್ನು ಎದೆಗೆ ಅಪ್ಪಿಕೊಂಡು ನಡುಬಜಾರಿನಲ್ಲಿ ಅತ್ತರು. ನಾಲ್ಕನೆಯದರ ಮೇಲಿನ ಚೀಟಿ ಓದಿ ಹಣೆ ಬಡಿದುಕೊಂಡರು. ರಾಕೆಟ್ ಸಿಡಿದದ್ದು ಆ ಮೂರರಲ್ಲಿ ಭದ್ರವಾಗಿತ್ತು. ಬಿಸಿಲಿಗೆ ಹೋದದ್ದು ಎರಡನೇ ಕ್ಯಾಮೆರಾದ ಡಬ್ಬಿ, ಹೀರೋ ಸಾಯುವ ಸೀನು.

ಭೀಮಶ್ಯಾ ಫೈಟರ್‌ನನ್ನು ತಂದು ಇಳಿಸಿದ. ಅವನು ಹೇಳಿಕೆ ಕೊಟ್ಟ. ಖಾಜಾಮಿಯಾ ಕೂತಿದ್ದ ಬೆಂಚಿನ ಮೇಲೆ ಅರ್ಧ ಗಂಟೆಯಲ್ಲಿ ಮ್ಯಾನೇಜರ್ ಕೂತ. ಹೀರೋ ಮೇಲೆ ಕೇಸ್ ಬೇಡ ಅಂತ ಡೈರೆಕ್ಟರ್ ನನ್ನನ್ನು ಬೇಡಿಕೊಂಡರು. ಪಿಕ್ಚರಿಗೆ ಅವರ ದನಿ ಇನ್ನೂ ಡಬ್ ಆಗಬೇಕಿತ್ತು. ಹೀರೋ ಒಳಗೆ ಹೋದರೆ ಪಿಕ್ಚರೂ ಒಳಗೆ.

ಕೇಸ್ ಹಾಕುವುದು ಬಿಡುವುದು ನನ್ನದಲ್ಲ, ಅದು ಖಾಜಾಮಿಯಾನದು ಅಂದೆ. ಮೊದಲು ಹೀರೋ ಇಲ್ಲಿಗೆ ಬರಬೇಕು. ಕಾರಿನಿಂದ ಇಳಿಯಬೇಕು. ಗ್ಲಾಸ್ ತೆಗೆಯಬೇಕು.

ಬಂದರು. ಬಜಾರಿಗೆ ಬಜಾರೇ ನೆರೆದಿತ್ತು. ಹೀರೋ ಕೂಲಿಂಗ್ ಗ್ಲಾಸ್ ತೆಗೆದು, ಕೈಬೇಡಿಯ ಗುರುತು ಇನ್ನೂ ಆರದ ಮನುಷ್ಯನ ಮುಂದೆ ಕೈ ಮುಗಿದು, ತಪ್ಪಾಯಿತು ಅಂದರು. ದನಿ ಮೆಲ್ಲಗಿತ್ತು. ಕೇಳಿಸಲಿಲ್ಲ ಅಂದೆ. ಗಟ್ಟಿಯಾಗಿ ಅಂದರು.

ಖಾಜಾಮಿಯಾ ಮಣಿಕಟ್ಟು ತಿಕ್ಕಿಕೊಂಡ.

"ಬಿಸಿನೀರು ನಾ ಖರೆನೇ ಕಾಸಿ ತಂದಿದ್ದೆ ಸಾಬ್," ಅಂದ. "ನೀವು ತಗೋಳ್ಳೇ ಇಲ್ಲ." ಅಷ್ಟು ಹೇಳಿ, ಕೇಸಿನ ಮಾತೇ ಎತ್ತದೆ ನಡೆದುಬಿಟ್ಟ.

ಸಾಯುವ ಸೀನನ್ನು ಇನ್ನೊಮ್ಮೆ ಮಾಡಿ ಅಂದರೆ ಹೀರೋ ಒಪ್ಪಲಿಲ್ಲ. ದನಿ ಕೊಡುತ್ತೇನೆ, ಹೆಣ ಆಗುವುದಿಲ್ಲ ಅಂತ ಸಂಜೆಯ ಗಾಡಿ ಹತ್ತಿದರು. ಬೆಳ್ಳಿ ಸೂಟು ಇಲ್ಲೇ ಉಳಿಯಿತು. ಹೆಲ್ಮೆಟ್ಟೂ ಉಳಿಯಿತು. ಡೈರೆಕ್ಟರ್ ಎರಡು ದಿನ ಸೂಟು ಹಿಡಿದುಕೊಂಡು ಎಲ್ಲರ ಎತ್ತರ ಅಳೆದರು. ಅದು ಒಬ್ಬನಿಗೇ ಸರಿಯಾಯಿತು.

ಹೆಲ್ಮೆಟ್ಟಿನ ಗಾಜಿಗೆ ಮಸಿ ಬಳಿದರು. ಸುತ್ತ ರಾಕೆಟ್ಟಿನ ಚೂರು ಹರಡಿ ಹೊಗೆ ಬಿಟ್ಟರು. ಬಿದ್ದು ಸುಮ್ಮನೆ ಸಾಯಬೇಕು ಅಂತ ಖಾಜಾಮಿಯಾನಿಗೆ ಹೇಳಿದರು. ಅವನು ಕಲ್ಲಿನ ಮೇಲೆ ಮಲಗಿದ. ಕಲ್ಲು ಮುಟ್ಟಿದರೆ ತಟ್ಟಿ ನೋಡುವುದು ಖಣಿಯವರ ಅಭ್ಯಾಸ. ಗಟ್ಟಿಯೋ ಟೊಳ್ಳೋ ಸದ್ದು ಹೇಳುತ್ತದೆ. ಅವನ ಬೆರಳು ತಾನಾಗಿಯೇ ಕಲ್ಲನ್ನು ಒಂದು ಸಲ ತಟ್ಟಿತು, ಇನ್ನೊಂದು ಸಲ ತಟ್ಟಿತು, ಆಮೇಲೆ ನಿಂತಿತು. ಡೈರೆಕ್ಟರ್ ಕಟ್ ಅನ್ನುವುದನ್ನೇ ಮರೆತರು. ನಟನೆ ಅಂತ ಗೊತ್ತಿದ್ದೂ ನನ್ನ ಕಣ್ಣು ತುಂಬಿತು.

ಆ ದೀಪಾವಳಿಗೆ ಪಿಕ್ಚರ್ ಬಂತು. ಸೇಡಂನಿಂದ ಚಿಂಚೋಳಿವರೆಗೆ ಟೆಂಟು ಟೆಂಟಿನಲ್ಲಿ ಜನ ಆ ಬೆರಳು ನೋಡಿ ಅತ್ತರು. ಬೆಂಗಳೂರಿನಲ್ಲಿ ಅದಕ್ಕೇ ಸೀಟಿ ಹೊಡೆದು ಅತ್ತರಂತೆ.

ಒಂದು ಭಾನುವಾರ ಪೇಪರಿನಲ್ಲಿ ಹೀರೋನ ಸಂದರ್ಶನ ಬಂತು. ಖಣಿಯ ದಂಡೆಯಲ್ಲಿ ಕೂತು ಖಾಜಾಮಿಯಾನಿಗೆ ಓದಿ ಹೇಳಿದೆ. ನನ್ನ ಜೀವಮಾನದ ಅತ್ಯಂತ ಕಷ್ಟದ ಶಾಟ್ ಅದು, ಕಲ್ಲು ತಟ್ಟುವ ಐಡಿಯಾ ನನಗೆ ಕನಸಿನಲ್ಲಿ ಹೊಳೆಯಿತು, ಸಾವು ಸಹಜವಾಗಿ ಬರಲಿ ಅಂತ ಮೂರು ದಿನ ಉಪವಾಸ ಇದ್ದೆ ಅಂತ ಬರೆಸಿದ್ದರು.

ಖಾಜಾಮಿಯಾ ಪಕ್ಕದ ಕಲ್ಲನ್ನು ಒಂದು ಸಲ ತಟ್ಟಿದ. ಆಮೇಲೆ ತಲೆ ಅಲ್ಲಾಡಿಸಿದ.

"ಸುಳ್ಳದ ಬಾಯಿ. ನಾ ಅವತ್ತು ಎರಡು ರೊಟ್ಟಿ ತಿಂದೇ ಸತ್ತೀನಿ."